ಹಲ್ಲಿನ ಮೇಷ್ಟ್ರ ಮರದ ಮೀನುಗಳು

ಮೂವತ್ತು ವರ್ಷ ಊರಿನವರ ಬಾಯಿಗೆ ಸುಳ್ಳು ಹಲ್ಲು ಕಟ್ಟಿಕೊಟ್ಟು, ಐವತ್ತನಾಲ್ಕನೆಯ ವಯಸ್ಸಿನಲ್ಲಿ ಆ ಕಸುಬಿಗೆ ಮುಕ್ಕಾಲು ಪಾಲು ಕೈಮುಗಿದು, ಸುಳ್ಳು ಮೀನು ಮಾಡಲು ಕುಳಿತ ಮನುಷ್ಯನನ್ನು ಲೋಕ ಏನೆಂದು ಕರೆಯಬೇಕು? ಲೋಕ ಹೆಚ್ಚು ತಲೆ ಕೆಡಿಸಿಕೊಳ್ಳಲಿಲ್ಲ. ಮೊದಲು ಕರೆಯುತ್ತಿದ್ದಂತೆ ‘ಹಲ್ಲಿನ ಮೇಷ್ಟ್ರು’ ಎಂದೇ ಕರೆಯಿತು. ಅವರು ಯಾವ ಶಾಲೆಯಲ್ಲೂ ಯಾರಿಗೂ ಏನನ್ನೂ ಕಲಿಸಿದವರಲ್ಲ. ಆದರೆ ಎದುರಿಗೆ ಕುಳಿತವರನ್ನು “ಅಗಲ ತೆಗೀರಿ, ಇನ್ನೂ ಅಗಲ, ನಾಲಿಗೆ ಒಳಗಿರಲಿ” ಎಂದು ಗದರುತ್ತಿದ್ದ ಆ ಠೀವಿಗೆ ಬೇರೆ ಬಿರುದು ಒಪ್ಪುತ್ತಿರಲಿಲ್ಲ.

ಸುಳ್ಳು ಮೀನೆಂದರೆ ಆಟದ ಸಾಮಾನಲ್ಲ. ದೊಡ್ಡ ಮೀನು ಸಣ್ಣ ಮೀನನ್ನು ನುಂಗುತ್ತದೆ ಎಂಬುದು ಲೋಕದ ಹಳೆಯ ನ್ಯಾಯ. ಆ ನ್ಯಾಯದ ಮೇಲೆ ಭಾರ ಹಾಕಿ, ಬೆರಳುದ್ದದ ಮರದ ತುಂಡನ್ನು ಸಣ್ಣ ಮೀನಿನಂತೆ ಕೆತ್ತಿ, ಹೊಟ್ಟೆಯಡಿ ಮೂರು ಮೊನೆಯ ಗಾಳ ತೂಗುಬಿಟ್ಟು, ದಾರ ಕಟ್ಟಿ ಕೆರೆಗೆ ಎಸೆದು ಎಳೆದರೆ, ದೊಡ್ಡ ಮೀನು ಅದನ್ನು ಊಟವೆಂದು ನಂಬಿ ಬಾಯಿ ಹಾಕಬೇಕು. ಹಲ್ಲು ಕಟ್ಟುವವರಿಗೆ ಈ ವ್ಯವಹಾರ ಹೊಸದೇನಲ್ಲ. ಇಲ್ಲದ್ದನ್ನು ಇದೆಯೆಂದು ನಂಬಿಸುವುದೇ ಅವರ ಅನ್ನ.

ಅಡುಗೆಮನೆಯ ಹಿಂದಿನ ಉದ್ದನೆಯ ಇರುಕು ಕೋಣೆಯೇ ಮೇಷ್ಟ್ರ ಕಾರ್ಖಾನೆ. ಆಯುಧಗಳೆಲ್ಲ ಹಳೆಯ ಕಸುಬಿನವೇ. ದವಡೆ ಹಲ್ಲಿನ ಗುಳಿ ಕೆತ್ತುತ್ತಿದ್ದ ಪುಟ್ಟ ಉಳಿ ಈಗ ಮೀನಿನ ಕಿವಿರು ಕೆತ್ತುತ್ತಿತ್ತು. ವಸಡಿಗೆಂದು ತಂದಿಟ್ಟ ಗುಲಾಬಿ ಪುಡಿ ಮೀನಿನ ಗಂಟಲಿನ ಬಣ್ಣವಾಯಿತು. ಹಣ್ಣಿನ ಪೆಟ್ಟಿಗೆಗಳ ಹಗುರ ಹಲಗೆಯನ್ನು ಸೀಳಿ, ತೀಡಿ, ನಡುವೆ ಮೂತಿಯಿಂದ ಬಾಲದವರೆಗೆ ಒಂದೇ ತಂತಿ ಹಾಯಿಸಿ, ಹೊಟ್ಟೆಯಲ್ಲಿ ಕಡಲೆಕಾಳಿನಷ್ಟು ಸೀಸ ಹುದುಗಿಸಿ, ಗಲ್ಲದ ಕೆಳಗೆ ಗಾಜಿನಂಥ ಒಂದು ತೆಳು ತುಟಿ ಅಂಟಿಸುವರು. ಎಳೆದಾಗ ನೀರು ಆ ತುಟಿಗೆ ಬಡಿದರೆ ತಾನೇ ಮೀನು ಮೈ ಕುಣಿಸುವುದು!

ಬಣ್ಣ ಮಾತ್ರ ಹೆಂಡತಿಯ ಖಾತೆ. ಹಳೆಯ ಸೊಳ್ಳೆಪರದೆಯ ತುಂಡನ್ನು ಮರದ ಮೀನಿನ ಮೈಗೆ ಬಿಗಿಯಾಗಿ ಸುತ್ತಿ, ಅದರ ಮೇಲೆ ಬಣ್ಣ ಊದಿ, ಪರದೆ ಬಿಚ್ಚಿದರೆ ಸಾಲುಸಾಲು ಹುರುಪೆ ಮೂಡಿರುತ್ತಿತ್ತು. ಬೆನ್ನಿಗೆ ಅವಳು ಕಲಸುತ್ತಿದ್ದ ಒಂದು ಬಂಗಾರದ ಹಸಿರಿತ್ತು. ಅದರ ಪಾಕ ಅವಳೊಬ್ಬಳಿಗೇ ಗೊತ್ತು. ಕೇಳಿದರೆ, “ನಿಮ್ಮ ಸೀಸದ ಲೆಕ್ಕ ನಾನು ಕೇಳಿದೀನಾ?” ಎನ್ನುವಳು. ಬಣ್ಣ ಒಣಗಿದ ಮೇಲೆ ಏಳು ಕೋಟು ವಾರ್ನಿಷು. ಕೆಟ್ಟುಹೋದ ಫ್ಯಾನಿನ ಮೋಟಾರಿಗೆ ಜೋಡಿಸಿದ ಚಕ್ರದಲ್ಲಿ ಹನ್ನೆರಡು ಮೀನು ಒಟ್ಟಿಗೆ ಮೆಲ್ಲಗೆ ಗಿರಗಿರ ತಿರುಗುತ್ತ ಒಣಗುವ ಆ ನೋಟಕ್ಕೆ ದೇವತೆಗಳು ಹೂಮಳೆ ಕರೆಯುವುದೊಂದು ಬಾಕಿ.

ಕೊನೆಗೆ ಪರೀಕ್ಷೆ. ಹಿತ್ತಲಲ್ಲಿ ಬಟ್ಟೆ ನೆನೆಸುವ ಆರಡಿ ಸಿಮೆಂಟು ತೊಟ್ಟಿ. ಅದರ ಈ ತುದಿಯಿಂದ ಆ ತುದಿಗೆ ಮೀನನ್ನು ದಾರದಲ್ಲಿ ಎಳೆದು, ಎಡಕ್ಕೆ ವಾಲಿದರೆ ಮೂತಿಯ ಕೊಂಡಿಯನ್ನು ಕೂದಲೆಳೆಯಷ್ಟು ಬಲಕ್ಕೆ ಬಾಗಿಸಿ, ಮತ್ತೆ ಎಳೆದು, ನೆಟ್ಟಗೆ ನಡೆದ ಮೇಲೇ “ಪಾಸು” ಎನ್ನುವರು. ನೆನೆಹಾಕಿದ ಬಟ್ಟೆಗಳು ಈ ಪರೀಕ್ಷೆಯ ದೆಸೆಯಿಂದ ಎರಡೆರಡು ದಿನ ಅಲ್ಲೇ ಕೊಳೆಯುತ್ತಿದ್ದವು ಎಂಬುದು ಹೆಂಡತಿಯ ದೂರು.

ಇಷ್ಟೆಲ್ಲ ಇದ್ದ ಮೇಷ್ಟ್ರಿಗೆ ಒಂದೇ ಒಂದು ಕೊರತೆ. ಅವರು ಹುಟ್ಟಿದ ಮೇಲೆ ಒಂದು ಮೀನನ್ನೂ ಹಿಡಿದವರಲ್ಲ. ದೋಣಿ ಹತ್ತಿದರೆ ತಲೆ ಸುತ್ತು, ದಡದಲ್ಲಿ ಸುಮ್ಮನೆ ಕೂತರೆ ಕಾಲು ಜೋಮು. “ಕತ್ತಿ ಮಾಡೋನು ಯುದ್ಧಕ್ಕೆ ಹೋಗಬೇಕಾ?” ಎನ್ನುವುದು ಅವರ ಸಿದ್ಧ ಉತ್ತರ. ಯುದ್ಧಕ್ಕೆ ಹೋಗಲು ಅವರ ಭಾವಮೈದನಿದ್ದ. ಮನೆಮನೆಯ ನೀರಿನ ಮೀಟರು ಓದುವುದು ಅವನ ನೌಕರಿ. ಓದಿದ್ದಕ್ಕಿಂತ ಹೆಚ್ಚು ಹೇಳುವುದು ಅವನ ಸ್ವಭಾವ. ಪ್ರತಿ ಹೊಸ ಮಾದರಿಯ ಮೊದಲ ಮೀನು ಅವನಿಗೆ. ವಾರ ಕಳೆದು ಬಂದು, “ಭಾವ, ಏನ್ ಹೇಳ್ಲಿ! ಕೆರೆಯಲ್ಲಿ ಕ್ಯೂ ನಿಂತಿದ್ವು” ಎಂದು ವರದಿ ಒಪ್ಪಿಸುವನು. ಮೇಷ್ಟ್ರು ತಲೆಯಾಡಿಸಿ, “ತುಟಿ ಒಂದು ಗೆರೆ ಉದ್ದ ಮಾಡಿದ್ದು ಕೆಲಸ ಮಾಡ್ತು” ಎಂದು ತಮಗೆ ತಾವೇ ಹೇಳಿಕೊಳ್ಳುವರು. ಒಂಬತ್ತು ವರ್ಷ ಹೀಗೆ ಸುಖವಾಗಿ ನಡೆಯಿತು.

ಸುಖ ಕೆಟ್ಟದ್ದು ವಕೀಲರ ಮನೆಯಲ್ಲಿ.

ವಕೀಲರು ಮೇಷ್ಟ್ರ ಹಳೆಯ ಗಿರಾಕಿ. ಅವರ ಬಾಯಲ್ಲಿದ್ದ ಇಪ್ಪತ್ತೆಂಟು ಹಲ್ಲೂ ಮೇಷ್ಟ್ರವೇ. ಒಂದು ದಿನ ಕೆಳಗಿನ ಸೆಟ್ಟು ಒತ್ತುತ್ತಿದೆ ಎಂದು ಹೇಳಿ ಕಳಿಸಿದರು. ಮೇಷ್ಟ್ರು ಅರ ಹಿಡಿದು ಹೋದರೆ, ವಕೀಲರು ಹಲ್ಲು ಬಿಚ್ಚಿ ಅವರ ಅಂಗೈಗಿಟ್ಟು, ಬೊಚ್ಚುಬಾಯಲ್ಲೇ ಹೆಮ್ಮೆಯಿಂದ ಒಳಕೋಣೆಗೆ ಕರೆದೊಯ್ದರು. ಗೋಡೆಯುದ್ದಕ್ಕೂ ಗಾಜಿನ ಬೀರು. ಒಳಗೆ ನೀಲಿ ಮಖಮಲ್ಲಿನ ಮೇಲೆ, ಪುಟ್ಟ ಪುಟ್ಟ ದೀಪಗಳ ಕೆಳಗೆ, ಮೇಷ್ಟ್ರ ಮೂವತ್ತೆಂಟು ಮೀನುಗಳು ಸಾಲಾಗಿ ಮಲಗಿದ್ದವು.

ಮೇಷ್ಟ್ರು ಒಂದೊಂದನ್ನೇ ನೋಡಿದರು. ಒಂದರ ಮೈಮೇಲೂ ಗೀರಿಲ್ಲ. ಗಾಳಗಳಲ್ಲಿ ತುಕ್ಕಿನ ಸುಳಿವಿಲ್ಲ.

“ಇವು ಸರಿ. ಕೆರೆಗೆ ಹಾಕೋವು ಎಲ್ಲಿ?”

“ಕೆವೆಗಾ?” ಹಲ್ಲಿಲ್ಲದ ವಕೀಲರು ಬೆಚ್ಚಿದರು. “ಛೆ ಛೆ! ಮೇಷ್ಟ್ವೇ, ಇದನ್ನ ನೀವಿಗೆ ಹಾಕ್ತಾವಾ ಯಾವಾದವೂ?”

ಮೇಷ್ಟ್ರು ಕೈಯಲ್ಲಿದ್ದ ಸೆಟ್ಟನ್ನು ಉಜ್ಜಬೇಕಾದ ಕಡೆ ಬಿಟ್ಟು ಇನ್ನೆಲ್ಲೋ ಉಜ್ಜಿಕೊಟ್ಟು, ಅಲ್ಲಿಂದ ನೇರವಾಗಿ ಗಾಳದಂಗಡಿಗೆ ನಡೆದರು. ಬಸ್ ನಿಲ್ದಾಣದ ಎದುರಿನ ಆ ಅಂಗಡಿಯ ಬಾಗಿಲ ಪಕ್ಕದ ಕಪಾಟಿನಲ್ಲೇ ಅವರ ಮೀನುಗಳು ಮಾರಾಟವಾಗುತ್ತಿದ್ದುದು. ಅಂಗಡಿಯ ಸಾಹುಕಾರ ಸ್ಟೂಲಿನ ಮೇಲೆ ಕೂತು ದಾರದ ಉಂಡೆ ಸುತ್ತುತ್ತಿದ್ದ.

“ಸಾಹುಕಾರ್ರೇ, ನನ್ನ ಮೀನು ತಗೊಂಡೋರು ಅದರಲ್ಲಿ ಮೀನು ಹಿಡೀತಾರಾ?”

ಸಾಹುಕಾರ ದಾರ ಸುತ್ತುವುದನ್ನು ನಿಲ್ಲಿಸಿದ. “ಇದೇನ್ ಮೇಷ್ಟ್ರೇ ಹೀಗ್ ಕೇಳ್ತೀರಿ? ಅಷ್ಟು ಚೆಂದದ ವಸ್ತು ಯಾರಾದ್ರೂ ಕಲ್ಲುಮುಳ್ಳಿರೋ ಕೆರೆಗೆ ಎಸೀತಾರಾ? ಹಿಡಿಯೋಕೆ ಬೇರೆ ಇದೆಯಲ್ಲ.” ಎಂದು ಮೂಲೆಯ ಬುಟ್ಟಿಯನ್ನು ಕಾಲಿನಿಂದ ತೋರಿಸಿದ. ಅದರ ತುಂಬ ಕಾರ್ಖಾನೆಯ ಪ್ಲಾಸ್ಟಿಕ್ ಮೀನುಗಳು, ಕಣ್ಣು ಒಂದು ಕಡೆ ಮೂತಿ ಒಂದು ಕಡೆ. “ನಿಮ್ಮದು ಮನೆಗೆ, ಇದು ಕೆರೆಗೆ.”

“ಯಾರೂ? ಒಬ್ಬರೂ?”

“ನಿಮ್ಮ ಭಾವಮೈದ ಇದಾನಲ್ಲ. ಅವನೊಬ್ಬ ಹಾಕ್ತಾನಂತೆ.”

ಮೇಷ್ಟ್ರು ಮನೆಗೆ ಬಂದು ತೊಟ್ಟಿಯ ಕಟ್ಟೆಯ ಮೇಲೆ ಕುಳಿತರು. ಅವರಿಗೆ ಹೊಗಳಿಕೆ ಬೇಡವೆಂದಿರಲಿಲ್ಲ, ಮನುಷ್ಯರೇ ತಾನೇ. ಆದರೆ ಮನುಷ್ಯರ ಹೊಗಳಿಕೆ ಎಂಥದೆಂದು ಹಲ್ಲಿನ ಕಸುಬಿನಲ್ಲೇ ಕಂಡಿದ್ದರು. ಕನ್ನಡಿ ನೋಡಿ “ಆಹಾ” ಎಂದವರೇ ಊಟಕ್ಕೆ ಕೂತಾಗ ಹಲ್ಲು ತೆಗೆದು ಜೇಬಿಗೆ ಹಾಕುತ್ತಿದ್ದರು. ಅಗಿಯಲು ಬಾರದ ಹಲ್ಲು ಹಲ್ಲಲ್ಲ. ಮೀನಿಗೆ ಮೋಸ ಮಾಡದ ಮೀನು ಬರಿಯ ಬೊಂಬೆ. ಒಂಬತ್ತು ವರ್ಷ ತಾವು ಮಾಡಿದ್ದು ಆಯುಧವೋ ಬೊಂಬೆಯೋ? ಇದನ್ನು ಹೇಳಬಲ್ಲದ್ದು ಮೀನೊಂದೇ. ಅದರ ಪರವಾಗಿ ಸಾಕ್ಷಿ ನುಡಿಯುತ್ತಿದ್ದವನು ಭಾವಮೈದನೊಬ್ಬನೇ.

ಅಂದೇ ಅವನಿಗೆ ಕರೆ ಹೋಯಿತು.

“ಇಲ್ಲಿತನಕ ಎಷ್ಟು ಹಿಡಿದಿದೀಯ, ನನ್ನ ಮೀನಲ್ಲಿ?”

“ಲೆಕ್ಕ ಇಡೋಕಾಗುತ್ತಾ ಭಾವ? ಐನೂರು ಇರಬಹುದು. ಕಮ್ಮಿ ಹೇಳ್ತಿದೀನಿ.”

“ಹಾಗಾದ್ರೆ ಕಚ್ಚಿರೋ ಗುರುತಿರಬೇಕಲ್ಲ. ಒಂದು ತಂದು ತೋರ್ಸು.”

ಭಾವಮೈದನ ಮುಖದ ಮೇಲೆ ಒಂದು ಮೋಡ ಹಾದುಹೋಯಿತು. ಆದರೆ ಅವನು ಮೀಟರು ಓದುವವನು. ಮುಖದಲ್ಲಿ ಏನೂ ಓದಿಸಿಕೊಳ್ಳುವವನಲ್ಲ. “ಹಳೇವೆಲ್ಲ ಸವೆದು ಹೋದ್ವು ಭಾವ. ಹೊಸದು ಕೊಡಿ. ಭಾನುವಾರ ತಗೊಂಡೋಗಿ ಸೋಮವಾರ ತಂದ್ಕೊಡ್ತೀನಿ.”

ಮೇಷ್ಟ್ರು ತಮ್ಮ ಅತ್ಯುತ್ತಮ ಮೀನನ್ನೇ ಆರಿಸಿ ಕೊಟ್ಟರು. ಬಂಗಾರದ ಹಸಿರು ಬೆನ್ನು, ಏಳು ಕೋಟು, ತೊಟ್ಟಿಯಲ್ಲಿ ಬಾಣದಂತೆ ನಡೆದದ್ದು. ಭಾನುವಾರವೆಲ್ಲ ಅವರಿಗೆ ಅನ್ನ ಸೇರಲಿಲ್ಲ. ಸೋಮವಾರ ಬೆಳಗ್ಗೆ ಭಾವಮೈದ ಬಾಗಿಲಲ್ಲಿ ನಿಂತು, ಜೇಬಿನಿಂದ ಕರ್ಚೀಫಿನ ಗಂಟು ತೆಗೆದು, ಗೆದ್ದ ರಾಜ್ಯದ ಬೀಗದಕೈ ಒಪ್ಪಿಸುವ ದಂಡನಾಯಕನಂತೆ ಮೇಷ್ಟ್ರ ಕೈಗಿಟ್ಟ.

ಕಚ್ಚಿತ್ತು! ಬೆನ್ನಿನ ಮೇಲೆ ಆಳವಾಗಿ ಒತ್ತಿದ ಹಲ್ಲಿನ ಸಾಲು. ವಾರ್ನಿಷು ಒಡೆದು, ಬಣ್ಣ ಎದ್ದು, ಒಳಗಿನ ಬಿಳಿಮರ ಕಾಣುತ್ತಿತ್ತು.

“ಏನ್ ಜಗಳ ಅಂತೀರಿ ಭಾವ! ಮುಕ್ಕಾಲು ಗಂಟೆ! ಕೋಲು ಹೀಗೆ ಬಿಲ್ಲಾಗಿ ಹೋಯ್ತು. ದಡಕ್ಕೆ ತಂದ್ರೆ ಇಷ್ಟುದ್ದ. ಇಲ್ಲ, ಇಷ್ಟು. ನನ್ನ ಮುಖ ನೋಡ್ತು, ಒಂದ್ಸಲ ಒದರ್ತು, ಹೋಯ್ತು!” ಎನ್ನುವಷ್ಟರಲ್ಲಿ ಅವನ ಮಾತಿನ ನಡುವೆ ಸಣ್ಣಗೆ ಒಂದು ಸೀಟಿ ಕೇಳಿದಂತಾಯಿತು. ಆ ಸಂಭ್ರಮದಲ್ಲಿ ಯಾರೂ ಗಮನಿಸಲಿಲ್ಲ.

ಮೇಷ್ಟ್ರು ಭೂತಗನ್ನಡಿ ತಂದರು. ಹಲ್ಲೆಂದರೆ ಅವರ ರಾಜ್ಯ. ಆ ರಾಜ್ಯದಲ್ಲಿ ಅವರ ಮಾತಿಗೆ ಎದುರಿಲ್ಲ. ಅರ್ಧ ಗಂಟೆ ನೋಡಿ, ಮೀನನ್ನು ಎತ್ತಿಕೊಂಡು ಗಾಳದಂಗಡಿಗೆ ಹೋಗಿ, ಅಲ್ಲಿ ನೆರೆದ ಐದಾರು ಜನರ ಎದುರು ವ್ಯಾಖ್ಯಾನ ಮಾಡಿದರು.

“ನೋಡಿ, ಇದು ಮರಿ ಅಲ್ಲ. ವಯಸ್ಸಾದ ಮೀನು. ಮುಂದಿನ ಎರಡು ಹಲ್ಲು ಅಗಲ. ಅದರಲ್ಲಿ ಬಲಗಡೇದು ಒಂದು ಕೂದಲೆಳೆ ಮೋಟು. ಗುರುತು ಅಲ್ಲಿ ಆಳ ಇಲ್ಲ ನೋಡಿ. ಯಾವುದೋ ಕಲ್ಲಿಗೆ ಬಡ್ಕೊಂಡು ಸವೆದಿರಬೇಕು. ಮತ್ತೆ ಬಾಯಿ ನೋಡಿ, ಎಷ್ಟು ಚೆಂದ ಕಮಾನಿನ ಹಾಗಿದೆ! ಇಂಥ ದವಡೆ ನಾನು ಮನುಷ್ಯರಲ್ಲೂ ಹೆಚ್ಚು ನೋಡಿಲ್ಲ.”

ಕೇಳಿದವರು ಮೂಗಿನ ಮೇಲೆ ಬೆರಳಿಟ್ಟರು. ಸಾಹುಕಾರ ಆ ಮೀನನ್ನು ಕೈಯಿಂದ ಬಿಡಲೇ ಇಲ್ಲ. ಕಪಾಟಿನ ನಡುಮಧ್ಯೆ ತೂಗುಹಾಕಿ, ‘ಮುಕ್ಕಾಲು ಗಂಟೆಯ ಕಾಳಗ’ ಎಂದು ಒಂದು ಚೀಟಿ ಬರೆದು ಅಂಟಿಸಿದ. ವಕೀಲರು ಬಂದು ಎರಡು ಸಲ ನೋಡಿಕೊಂಡು ಹೋದರು. ಆ ವಾರ ಮೇಷ್ಟ್ರು ಬೀದಿಯಲ್ಲಿ ನಡೆದದ್ದು ಹಳೆಯ ಚಪ್ಪಲಿಯಲ್ಲೇ ಆದರೂ ಆನೆಯ ಮೇಲೆ ಕೂತವರ ಹಾಗೆ.

ಎಂಟನೆಯ ದಿನ ಭಾವಮೈದ ಬಂದ. ಅವನ ಮಾತಿಗೆ ಈಗ ಹಿನ್ನೆಲೆ ಸಂಗೀತವಿತ್ತು.

“ಭಾವಸ್ಸ್, ಈ ಹಲ್ಲುಸ್ಸ್ ಅಲ್ಲಾಡ್ತಿದೆ. ಮೀಟರು ಓದೋ ಮನೇಲೆಲ್ಲ ನಾಯಿ ಓಡಿಬರ್ತಿವೆ, ಕರೆದೆ ಅಂದ್ಕೊಂಡು.”

ಅವನ ಮೇಲ್ಗಡೆಯ ಮುಂದಿನ ಎರಡು ಹಲ್ಲು ಮೇಷ್ಟ್ರು ಕಟ್ಟಿದವು. ಇಪ್ಪತ್ತು ವರ್ಷದ ಹಿಂದೆ ಸೈಕಲ್ಲಿನಿಂದ ಬಿದ್ದು ಕಳೆದುಕೊಂಡಾಗ, ತಂತಿಯ ಕೊಕ್ಕೆಯಿಟ್ಟ ಪುಟ್ಟ ಪಟ್ಟಿಯಲ್ಲಿ ಜೋಡಿಸಿಕೊಟ್ಟಿದ್ದರು. ಈಗ ನೋಡಿದರೆ ತಂತಿ ಸೊಟ್ಟಗಾಗಿದೆ. ಏನೋ ಗಟ್ಟಿ ಪದಾರ್ಥದ ಮೇಲೆ ಬಲ ಬಿದ್ದಿದೆ. ಮೇಷ್ಟ್ರು ಅಚ್ಚು ತೆಗೆಯಲು ಹಿಟ್ಟು ಕಲಸಿ, ಬಾಯಳತೆಯ ಪುಟ್ಟ ತಟ್ಟೆಗೆ ತುಂಬಿ, ಅವನ ಬಾಯೊಳಗೆ ಒತ್ತಿ ಹಿಡಿದರು. “ನಾಲ್ಕು ನಿಮಿಷ. ಮಾತಾಡಬೇಡ.” ಭಾವಮೈದನ ಜೀವನದಲ್ಲೇ ಅತಿ ದೀರ್ಘವಾದ ಮೌನ ಅಲ್ಲಿಗೆ ಶುರುವಾಯಿತು.

ಸುಮ್ಮನೆ ನಿಲ್ಲಬೇಕಲ್ಲ, ಮೇಷ್ಟ್ರು ಬಾಯೊಳಗೆ ಇಣುಕಿದರು. ತಟ್ಟೆಯ ಅಂಚಿಗೆ, ತಾವು ಕಟ್ಟಿದ ಬಲಗಡೆಯ ಹಲ್ಲಿನ ಬುಡದಲ್ಲಿ, ಸಾಸಿವೆಯಷ್ಟು ಏನೋ ಮಿನುಗುತ್ತಿತ್ತು. ಕನ್ನಡಿ ಹಿಡಿದರು. ಹಸಿರು. ಬರಿಯ ಹಸಿರಲ್ಲ, ಬಂಗಾರದ ಹಸಿರು. ಆ ಬಣ್ಣ ಭೂಮಿಯ ಮೇಲೆ ಒಂದೇ ಮನೆಯಲ್ಲಿ ಕಲಸಲ್ಪಡುತ್ತಿತ್ತು.

“ಇದೇನಯ್ಯಾ, ಹಲ್ಲಿಗೆ ಹಸಿರು? ಸೊಪ್ಪು ತಿಂದಿದ್ಯಾ?”

“ಉಂ, ಉಂ!” ಭಾವಮೈದ ಜೋರಾಗಿ ತಲೆಯಾಡಿಸಿದ.

“ಸೊಪ್ಪಿಗೆ ಏಳು ಕೋಟು ವಾರ್ನಿಷ್ ಹೊಡೆದಿದ್ರಾ?”

ತಲೆ ನಿಂತಿತು. ಮೇಷ್ಟ್ರ ಕಣ್ಣ ಮುಂದೆ ಕಪಾಟಿನ ಮೀನು ಬಂತು. ಮುಂದಿನ ಎರಡು ಅಗಲ. ಬಲಗಡೆಯದು ಕೂದಲೆಳೆ ಮೋಟು. ಆ ಮೋಟನ್ನು ಕಲ್ಲು ಸವೆಸಿರಲಿಲ್ಲ. ಇಪ್ಪತ್ತು ವರ್ಷದ ಹಿಂದೆ ಅರ ಒಂದು ಸಲ ಹೆಚ್ಚಿಗೆ ಓಡಿಸಿ, ಯಾರಿಗೂ ಹೇಳದೆ ಬಾಯಿಗೆ ಕೂರಿಸಿ ಕಳಿಸಿದವರು ತಾವೇ. ಊರ ಮುಂದೆ ಅಷ್ಟುದ್ದ ವ್ಯಾಖ್ಯಾನ ಮಾಡಿದ್ದು ತಮ್ಮದೇ ತಪ್ಪಿನ ಮೇಲೆ!

“ನೀನು ಕಚ್ಚಿದ್ಯಾ?”

ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿಕೊಂಡರಂತೆ. ಭಾವಮೈದ ಎರಡೂ ಕೈಯಿಂದ ಬಾಯಿ ಮುಚ್ಚಿಕೊಂಡ.

ನಾಲ್ಕು ನಿಮಿಷಕ್ಕೆ ತಟ್ಟೆ ತೆಗೆದರೆ ಜೊತೆಗೆ ಹಲ್ಲೂ ಬಂತು, ಸತ್ಯವೂ ಬಂತು.

“ಬೈಬೇಡಿ ಭಾವ. ಮೊದ್ಲು ಇಕ್ಕಳದಲ್ಲಿ ಒತ್ತಿ ನೋಡ್ದೆ. ಅದು ಇಕ್ಕಳದ್ದೇ ಅಂತ ಕುರುಡನಿಗೂ ಗೊತ್ತಾಗುತ್ತೆ. ನೀವು ಹಲ್ಲಿನೋರು, ನಿಮ್ಮ ಕಣ್ಣಿಗೆ ಮಣ್ಣೆರಚೋಕಾಗುತ್ತಾ? ಅದಕ್ಕೇ ನಿಜವಾದ ಹಲ್ಲೇ ಹಾಕ್ದೆ.”

“ನಿಜವಾದ ಹಲ್ಲಾ? ಅದೂ ನಾನ್ ಮಾಡಿದ್ದೇ ಕಣೋ!”

“ಅದೂ ಸರಿ ಅನ್ನಿ.”

“ಹಾಗಾದ್ರೆ ಐನೂರು ಮೀನು?”

“ಹಿಡಿದಿದೀನಿ ಭಾವ. ಸುಳ್ಳಲ್ಲ. ಎರೆಹುಳದಲ್ಲಿ.” ಅವನು ನೆಲ ನೋಡಿದ. “ನಿಮ್ಮವೆಲ್ಲ ನಮ್ಮನೆ ಬೀರುವಿನಲ್ಲಿ ಹತ್ತಿ ಸುತ್ತಿ ಇಟ್ಟಿದೀನಿ. ಮೊದಲನೇ ದಿನ ದಾರಕ್ಕೆ ಕಟ್ಟಿದ್ದೆ. ಎಸೆಯೋಕೆ ಕೈ ಎತ್ತಿದ್ರೆ ಮನಸ್ಸೇ ಬರ್ಲಿಲ್ಲ. ಬೇರಿಗೆ ಸಿಕ್ಕಿ ಹರಿದು ಹೋದ್ರೆ ಅಂತ.”

ಬಾಗಿಲಲ್ಲಿ ನಿಂತು ಕೇಳುತ್ತಿದ್ದ ಹೆಂಡತಿ ಸೆರಗಿಗೆ ಕೈಯೊರೆಸಿಕೊಂಡಳು.

“ನನಗೆ ಅವತ್ತೇ ಗೊತ್ತಿತ್ತು. ಚಿಕ್ಕಂದಿನಲ್ಲಿ ಇವನು ನನ್ನ ತೋಳು ಕಚ್ಚಿದ್ದು ಹೀಗೇ ಕಮಾನಿನ ಹಾಗೇ ಇತ್ತು.”

“ಗೊತ್ತಿದ್ದೂ ಸುಮ್ಮನಿದ್ಯಾ?”

“ಏನ್ ಹೇಳ್ಲಿ? ನಗ್‌ನಗ್ತಾ ಊಟಕ್ಕೆ ಬಂದಿದ್ರಿ. ಎರಡು ಸಲ ಬಡಿಸಿಕೊಂಡ್ರಿ. ತಟ್ಟೆ ಮುಂದೆ ಹೇಳೋ ಮಾತಾ ಅದು?”

ಮೇಷ್ಟ್ರು ಅಂದು ರಾತ್ರಿ ಒಂದು ಸಲವೂ ಸರಿಯಾಗಿ ಬಡಿಸಿಕೊಳ್ಳಲಿಲ್ಲ. ಬೆಳಗ್ಗೆ ಎದ್ದವರೇ ಭಾವಮೈದನ ಕೋಲು ತರಿಸಿಕೊಂಡು, ವಾರ್ನಿಷು ಒಣಗಿಸುವ ಚಕ್ರದಿಂದ ಹಸಿರು ಬೆನ್ನಿನ ಇನ್ನೊಂದು ಮೀನು ಬಿಚ್ಚಿಕೊಂಡರು. ಹೆಂಡತಿ ಏನೂ ಕೇಳದೆ ಚೀಲಕ್ಕೆ ಒಂದು ನೀರಿನ ಬಾಟಲಿ, ತಲೆಸುತ್ತಿನ ಮಾತ್ರೆ, ಕತ್ತರಿ ಹಾಕಿಕೊಂಡು ಹೊರಟಳು.

“ಕತ್ತರಿ ಯಾಕೆ?”

“ಗಾಳ ನಿಮ್ಮ ಅಂಗಿಗೇ ಸಿಕ್ಕಿಕೊಂಡ್ರೆ ಬೇಕಲ್ಲ.”

ಕೆರೆಯ ದಡದಲ್ಲಿ ನೀರಿನೊಳಕ್ಕೆ ಚಾಚಿದ ಹಳೆಯ ಮರದ ಅಟ್ಟಣಿಗೆಯಿತ್ತು. ದೋಣಿಯ ಗೊಡವೆ ಬೇಡವೆಂದು ಮೇಷ್ಟ್ರು ಅದರ ತುದಿಯಲ್ಲಿ ನಿಂತು ಕೋಲು ಬೀಸಿದರು. ಮೊದಲ ಎಸೆತಕ್ಕೆ ಹಿಂದಿನ ಮರದ ಒಂದು ಕೊಂಬೆ ಸಿಕ್ಕಿತು. ಎರಡನೆಯದಕ್ಕೆ ಹೆಂಡತಿಯ ಚೀಲ. ಮೂರನೆಯದಕ್ಕೆ ಅವರದೇ ಅಂಗಿಯ ತೋಳು. ಕತ್ತರಿ ಮಾತಿಲ್ಲದೆ ಕೈ ಬದಲಾಯಿತು. ನಾಲ್ಕನೆಯ ಸಲ ಮೀನು ಬಿಸಿಲಲ್ಲಿ ಒಮ್ಮೆ ಮಿಂಚಿ, ಹದಿನೈದು ಮಾರು ದೂರ ಹೋಗಿ ಬಿತ್ತು.

ಮೇಷ್ಟ್ರು ದಾರ ಸುತ್ತತೊಡಗಿದರು. ಆರಡಿ ತೊಟ್ಟಿಯಲ್ಲಿ ಎರಡು ಕುಣಿತಕ್ಕೆ ಗೋಡೆ ಬಡಿಯುತ್ತಿದ್ದ ಮೀನು ಇಲ್ಲಿ ಗೋಡೆಯೇ ಇಲ್ಲದೆ ಬರುತ್ತಿತ್ತು. ಇಳಿಯಿತು, ಮೈ ಹೊರಳಿಸಿತು, ಬಿಸಿಲು ತಾಗಿ ಹೊಟ್ಟೆ ಹೊಳೆಯಿತು, ಮತ್ತೆ ಇಳಿಯಿತು. ಹತ್ತಿರ ಬಂದಾಗ ಅದು ಮರದ್ದೆಂದು ನಂಬಲು ಅವರೇ ಪ್ರಯತ್ನಪಡಬೇಕಾಯಿತು.

“ನೋಡೇ,” ಎಂದರು.

“ನೋಡ್ತಿದೀನಿ ಕಣ್ರಿ. ಬೆನ್ನು ಚೆಂದ ಕಾಣ್ತಿದೆ.”

“ಬೆನ್ನಲ್ಲ. ನಡಿಗೆ.”

“ನಡಿಗೆಯೂ.”

ಎಸೆದರು, ಸುತ್ತಿದರು. ಎಸೆದರು, ಸುತ್ತಿದರು. ಬಿಸಿಲೇರಿತು. ಕಾಲು ಜೋಮು ಹಿಡಿಯಿತು, ಬಿಟ್ಟಿತು, ಮತ್ತೆ ಹಿಡಿಯಿತು. ಮೀನುಗಳು ಅಲ್ಲಲ್ಲಿ ಚಿಮ್ಮಿ, ಮೇಷ್ಟ್ರು ಎಲ್ಲಿಗೆ ಎಸೆದಿಲ್ಲವೋ ಅಲ್ಲೇ ತಾವಿರುವುದಾಗಿ ತಿಳಿಸಿದವು. ನೂರು ಎಸೆತ ದಾಟಿರಬೇಕು. ಹೆಂಡತಿ ಚೀಲಕ್ಕೆ ಒರಗಿ ಕಣ್ಣು ಮುಚ್ಚಿದಳು. ಮೇಷ್ಟ್ರು ಮನಸ್ಸಿನಲ್ಲೇ ತೀರ್ಪು ಬರೆದುಕೊಳ್ಳತೊಡಗಿದರು: ಬೊಂಬೆ. ಒಂಬತ್ತು ವರ್ಷ, ಬೊಂಬೆ.

ಆಗ ದಾರ ನಿಂತಿತು.

ಬೇರಿಗೆ ಸಿಕ್ಕಿತೆಂದು ಅವರು ಅಂದುಕೊಂಡರು. ಆದರೆ ಬೇರು ಎಡಕ್ಕೆ ಓಡಿತು.

“ಲೇ! ಲೇ! ಏಳೇ! ಬೇರು ಓಡ್ತಿದೆ!”

ಮುಂದಿನ ಕಾಳಗವನ್ನು ಹೇಗೆ ಬಣ್ಣಿಸುವುದು! ಮೇಷ್ಟ್ರು ಹಿಂದಕ್ಕೆ ವಾಲಿದರು. ವೈರಿ ಮುಂದಕ್ಕೆ ಎಳೆದ. ಮೇಷ್ಟ್ರು ಕೋಲು ಎತ್ತಿದರು, ವೈರಿ ತಳಕ್ಕಿಳಿದ. ಅಟ್ಟಣಿಗೆ ಕಿರುಗುಟ್ಟಿತು, ಚಪ್ಪಲಿಯೊಂದು ನೀರು ಪಾಲಾಯಿತು. ಹೆಂಡತಿ ಸೊಂಟ ಹಿಡಿದು ನಿಂತು, “ಬಿಡ್ಬೇಡಿ! ಮೊಣಕಾಲು ಮಡಚಿ! ಅಯ್ಯೋ, ಆ ಕಡೆ ಅಲ್ಲ, ಈ ಕಡೆ!” ಎಂದು ಜೀವಮಾನದಲ್ಲಿ ಕೋಲು ಮುಟ್ಟದವಳು ಸೇನಾಪತಿಯಂತೆ ಆಜ್ಞೆ ಕೊಟ್ಟಳು. ಸುಮಾರು ಎರಡು ನಿಮಿಷದ ಈ ಮಹಾಯುದ್ಧ ಮುಗಿದಾಗ ಅಟ್ಟಣಿಗೆಯ ಹಲಗೆಯ ಮೇಲೆ ಬಂದು ಬಿದ್ದದ್ದು ಅರ್ಧ ಗೇಣುದ್ದದ ಮೀನು. ಅದು ಕಚ್ಚಿದ ಮರದ ಮೀನಿಗೂ ಅದಕ್ಕೂ ಅಂಥ ವ್ಯತ್ಯಾಸವೇನೂ ಇರಲಿಲ್ಲ, ಅಣ್ಣತಮ್ಮಂದಿರಂತಿದ್ದವು.

ಮೇಷ್ಟ್ರು ಮಂಡಿಯೂರಿದರು. ಒದ್ದೆಗೈಯಲ್ಲಿ ಅದನ್ನು ಮೆಲ್ಲಗೆ ಹಿಡಿದು, ಗಾಳ ಬಿಡಿಸಿ, ಅಭ್ಯಾಸಬಲದಿಂದ ಬಾಯಿ ಅಗಲಿಸಿ ಒಳಗೆ ನೋಡಿದರು. ಅಗಲ ಹಲ್ಲುಗಳಿಲ್ಲ, ಕಮಾನಿಲ್ಲ. ಸೂಜಿಮೊನೆಯಂಥ ನೂರಾರು ಹಲ್ಲು, ಸಾಲಿನ ಹಿಂದೆ ಸಾಲು, ಎಲ್ಲವೂ ಗಂಟಲ ಕಡೆಗೆ ಬಾಗಿದವು.

“ಮೂವತ್ತು ವರ್ಷ ಹಲ್ಲು ಕಟ್ಟಿದೆ. ಒಂದು ಮೀನಿನ ಬಾಯಿ ನೋಡಿರಲಿಲ್ಲವಲ್ಲೇ ನಾನು!”

“ಅದಕ್ಕೂ ಒಂದು ಸೆಟ್ ಕಟ್ಟಿಕೊಡ್ತೀರಾ? ಬಿಡ್ರೀ ಪಾಪ, ಉಸಿರು ಕಟ್ತಿದೆ.”

ನೀರಿಗೆ ಬಿಟ್ಟ ಕೂಡಲೇ ಅದು ತೀರ್ಪು ಕೊಟ್ಟ ನ್ಯಾಯಾಧೀಶರ ಹಾಗೆ ಯಾರ ಮುಖವನ್ನೂ ನೋಡದೆ ಹೊರಟುಹೋಯಿತು. ಮರದ ಮೀನಿನ ಹೊಟ್ಟೆಯ ಪಕ್ಕದಲ್ಲಿ ಏಳೆಂಟು ಗೀರುಗಳಿದ್ದವು. ಗುಂಡುಸೂಜಿಯಿಂದ ಎಳೆದಂತೆ ಸಣ್ಣವು, ವಾರ್ನಿಷಿನ ಮೂರನೆಯ ಕೋಟಿಗೂ ಇಳಿದಿರಲಿಲ್ಲ. ಮೇಷ್ಟ್ರು ಅದನ್ನೇ ನೋಡುತ್ತ, ಒಂದೇ ಚಪ್ಪಲಿಯಲ್ಲಿ, ಬಿಸಿಲಲ್ಲಿ, ಬಹಳ ಹೊತ್ತು ಕುಳಿತಿದ್ದರು.

ಹೊಸ ಚಪ್ಪಲಿ ಕೊಂಡು, ಅಂದೇ ಸಂಜೆ ಗಾಳದಂಗಡಿಗೆ ಹೋದರು. ವಕೀಲರೂ ಅಲ್ಲೇ ಇದ್ದರು, ಹಲ್ಲಿನ ಸಮೇತ. ಮೇಷ್ಟ್ರು ಗೀರಿನ ಮೀನನ್ನು ಮೇಜಿನ ಮೇಲಿಟ್ಟರು.

“ಇದು ಇವತ್ತು ಕಚ್ಚಿದ್ದು. ನನ್ನ ಕೈಯಾರೆ ಹಿಡಿದೆ.”

ಸಾಹುಕಾರ ಅದನ್ನು ತಿರುಗಿಸಿ ಮುರುಗಿಸಿ ನೋಡಿದ. ಕಪಾಟಿನಲ್ಲಿ ತೂಗುತ್ತಿದ್ದುದನ್ನು ನೋಡಿದ. ಮತ್ತೆ ಇದನ್ನು ನೋಡಿದ. ಬೇಸರ ಮಾಡಿಸಬಾರದೆಂಬ ದನಿಯಲ್ಲಿ, “ಮೇಷ್ಟ್ರೇ, ನೀವು ಅಂತ ಹೇಳ್ತೀನಿ. ಇದು ಎಲ್ಲೋ ಮೊಳೆಗೆ ತರಚಿದ ಹಾಗಿದೆ” ಎಂದ.

“ಹೌದು ಹೌದು,” ಎಂದರು ವಕೀಲರು. “ಸಾಕ್ಷ್ಯ ದುರ್ಬಲ. ಅಲ್ಲಿದೆಯಲ್ಲ, ಅದು ಕಚ್ಚಿದ್ದು ಅಂದ್ರೆ! ಅಂಥದ್ದೊಂದು ನನಗೂ ಬೇಕು ಮೇಷ್ಟ್ರೇ. ಬೀರುವಿನಲ್ಲಿ ನಡುವೆ ಜಾಗ ಬಿಟ್ಟಿದೀನಿ.”

“ಇನ್ನೂ ಆರು ಜನ ಕೇಳಿದಾರೆ,” ಎಂದ ಸಾಹುಕಾರ. “ಅದೇ ಮುದಿ ಮೀನು ಕಚ್ಚಿದ್ದೇ ಆಗಬೇಕಂತೆ.”

ಮೇಷ್ಟ್ರು ಒಂದು ಸಲ ಗಂಟಲು ಸರಿಮಾಡಿಕೊಂಡರು. ಮರ್ಯಾದೆ ಹೋದರೆ ಹೋಗಲಿ ಎಂದು ದಾರಿಯುದ್ದಕ್ಕೂ ನಿರ್ಧರಿಸಿಕೊಂಡು ಬಂದಿದ್ದ ಮಾತನ್ನು ಹೇಳಿಬಿಟ್ಟರು.

“ಅದು ಮೀನು ಕಚ್ಚಿದ್ದಲ್ಲ. ನನ್ನ ಭಾವಮೈದ ಕಚ್ಚಿದ್ದು. ಆ ಮೋಟು ಹಲ್ಲು ನಾನೇ ತಪ್ಪಾಗಿ ಉಜ್ಜಿದ್ದು.”

ಸಾಹುಕಾರ ಸ್ಟೂಲಿನಿಂದ ಬೀಳುವಷ್ಟು ನಕ್ಕ. ವಕೀಲರು ಕೆಳಗಿನ ಸೆಟ್ಟು ಹಾರದಂತೆ ಕೈ ಅಡ್ಡ ಹಿಡಿದು ನಕ್ಕರು. “ಏನ್ ಮೇಷ್ಟ್ರೇ ನೀವು! ಭಾವಮೈದ ಕಚ್ಚಿದ್ದಂತೆ!” “ದೊಡ್ಡವರು ಹೀಗೇ ಕಣ್ರೀ, ತಮ್ಮ ಕೆಲಸವನ್ನ ತಾವೇ ತಮಾಷೆ ಮಾಡ್ಕೋತಾರೆ.” ಎಂದು ಒಬ್ಬರಿಗೊಬ್ಬರು ಹೇಳಿಕೊಂಡರು. ಮೇಷ್ಟ್ರು ಎರಡನೆಯ ಸಲ ಹೇಳಿದರು. ನಗು ಇಮ್ಮಡಿಯಾಯಿತು. ಮೂರನೆಯ ಸಲ ಹೇಳುವ ಮೊದಲು ಅವರಿಗೇ ನಗು ಬಂತು. ನಕ್ಕರೆ ಒಪ್ಪಿಕೊಂಡಂತಾಯಿತು, ಅಲ್ಲಿಗೆ ಸತ್ಯದ ಕತೆ ಮುಗಿಯಿತು.

“ಆಯ್ತು,” ಎಂದರು ಕೊನೆಗೆ, ಗೀರಿನ ಮೀನನ್ನು ಜೇಬಿಗೆ ಹಾಕುತ್ತ. “ಕಚ್ಚಿದ್ದು ಬೇಕಾದೋರು ನನ್ನ ಭಾವಮೈದನ್ನ ಕೇಳ್ಕೊಳ್ಳಿ. ನನಗೆ ಒಳ್ಳೇ ದಾರ ಎರಡು ಉಂಡೆ ಕೊಡಿ. ಒಂದು ಕೋಲೂ ಬೇಕು.”

“ಕೋಲಾ? ಯಾರಿಗೆ?”

“ನನಗೇ. ನಾಳೆಯಿಂದ ಬೆಳಗ್ಗೆ ಕೆರೆಗೆ ಹೋಗ್ತೀನಿ.”

ಸಾಹುಕಾರನಿಗೆ ಮೇಷ್ಟ್ರ ಮೇಲೆ ನಿಜವಾದ ಪ್ರೀತಿಯಿತ್ತು. ಕೋಲು ಆರಿಸಿಕೊಟ್ಟ, ದಾರ ಅಳೆದುಕೊಟ್ಟ. ಆಮೇಲೆ ಕಾಗದದಲ್ಲಿ ಕಟ್ಟುವ ಮುಂಚೆ ಮೂಲೆಯ ಬುಟ್ಟಿಗೆ ಕೈ ಹಾಕಿ, ಕಣ್ಣು ಒಂದು ಕಡೆ ಮೂತಿ ಒಂದು ಕಡೆಯಿದ್ದ ಪ್ಲಾಸ್ಟಿಕ್ ಮೀನೊಂದನ್ನು ತೆಗೆದು, ಕಾಸು ಬೇಡವೆಂದು ಸನ್ನೆ ಮಾಡಿ, ಗುಟ್ಟಿನ ದನಿಯಲ್ಲಿ ಹೇಳಿದ:

“ಇದನ್ನ ಇಟ್ಕೊಳ್ಳಿ ಮೇಷ್ಟ್ರೇ. ನಿಜವಾಗ್ಲೂ ಮೀನು ಹಿಡಿಯೋದಾದ್ರೆ ಇದನ್ನೇ ಹಾಕಿ. ನಿಮ್ಮದನ್ನ ನಂಬ್ಕೊಂಡು ಕೂರಬೇಡಿ.”